ಹಿನ್ನೀರಿನ ಬೊಡ್ಡೆ, ಕೆರೆ ಗೋಡಿನ ದಿಮ್ಮಿ ಒಲೆಗೆ ಹೋಗೋ ಮುಂಚೆ ಯಾರಾದ್ರೂ ಒಂದ್ಸಲ ನೋಡ್ಲಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾಯ್ತು ಅಂದ್ರೆ ಪೇಪರ್‌ನಲ್ಲಿ ಕಡಲ್ಕೊರೆತದ ಸುದ್ದಿ ಬಂದೇ ಬರತ್ತೆ. ಉಳ್ಳಾಲ, ಸೋಮೇಶ್ವರ, ಮರವಂತೆ, ಹೊನ್ನಾವರದ ಪಾವಿನಕುರ್ವ ಅಂತ ಊರಿನ ಹೆಸರು ಬದಲಾಗತ್ತೆ, ಫೋಟೋ ಮಾತ್ರ ಹೆಚ್ಚುಕಮ್ಮಿ ಅದೇ. ಬುಡ ಕಿತ್ತು ವಾಲಿದ ತೆಂಗಿನ ಮರ, ಅರ್ಧ ಕುಸಿದ ರಸ್ತೆ, ಲಾರೀಲಿ ತಂದು ಸುರಿದ ಬಂಡೆ, ಪಕ್ಕದಲ್ಲಿ ಪರಿಶೀಲನೆಗೆ ಬಂದ ಅಧಿಕಾರಿಗಳು. ನಾನು ಸಾಗರ ತಾಲೂಕಿನವನು, ನಮಗೆ ಸಮುದ್ರ ಅಂದ್ರೆ ಘಟ್ಟ ಇಳಿದ ಮೇಲಿನ ವಿಷಯ. ಆದ್ರೂ ಅದರ ಬಗ್ಗೆನೇ ಬರೀತಿದ್ದೀನಿ, ಯಾಕಂದ್ರೆ ಕಡಲ್ಕೊರೆತದಲ್ಲಿ ನಮ್ಮ ಕಡೆ ಯಾರೂ ಮಾತಾಡದ ಒಂದು ಸಂಗತಿ ಇದೆ, ಮರಳು ಕೊಚ್ಚಿ ಹೋದಾಗ ಅಡೀಲಿ ಹೂತಿದ್ದ ಹಳೇ ಕಾಡು ಹೊರಗೆ ಬೀಳೋದು, ಅದಕ್ಕೂ ನಮ್ಮ ಶರಾವತಿ ಹಿನ್ನೀರಿಗೂ ಮಲೆನಾಡಿನ ಕೆರೆ, ಜಡ್ಡಿಗಳಿಗೂ (ಕಾಡಿನ ಜೌಗು ನೆಲ) ಹತ್ತಿರದ ಸಂಬಂಧ ಇದೆ. ಪತ್ರ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೆ ಹಾಕಿ ಅಂತ ಕೇಳ್ಕೊಳ್ತೀನಿ.

ವೇಲ್ಸ್ ದೇಶದಲ್ಲಿ ಬೋರ್ತ್ ಅಂತ ಒಂದು ಸಮುದ್ರದಂಚಿನ ಊರಿದೆ. 2014ರ ಶುರುವಿನಲ್ಲಿ ಅಲ್ಲಿ ಒಂದರ ಹಿಂದೆ ಒಂದು ಬಿರುಗಾಳಿ ಹೊಡೆದು ಬೀಚಿನ ಮರಳೆಲ್ಲ ಕೊಚ್ಚಿಕೊಂಡು ಹೋಯ್ತು, ಅಡೀಲಿ ನೋಡಿದ್ರೆ ಕಾಡು. ನೂರಾರು ಮರದ ಬೊಡ್ಡೆಗಳು, ಎಲ್ಲಿಂದಲೋ ತೇಲಿ ಬಂದಿದ್ದಲ್ಲ, ಬೆಳೆದ ಜಾಗದಲ್ಲೇ ಬೇರು ಹರಡಿಕೊಂಡು ನಿಂತಿದ್ದು. ಓಕ್, ಪೈನ್, ಬರ್ಚ್, ಆಲ್ಡರ್ ಅಂತ ಜಾತಿ ಸಮೇತ ಗುರುತು ಹಿಡಿಯೋ ಹಂಗಿವೆ, ವಯಸ್ಸು 4,500ರಿಂದ 6,000 ವರ್ಷ. 2019ರಲ್ಲಿ ಹನ್ನಾ ಅನ್ನೋ ಬಿರುಗಾಳಿ ಬಂದಾಗ ಇನ್ನಷ್ಟು ಹೊರಗೆ ಬಿತ್ತು. ಆ ಊರಿನ ಕಡೆ ತಲೆತಲಾಂತರದಿಂದ ಒಂದು ಕಥೆ ಇದೆ, ಅಲ್ಲೊಂದು ಸಮೃದ್ಧ ರಾಜ್ಯ ಇತ್ತು, ತೂಬು ಕಾಯೋನು ಕುಡಿದು ಮಲಗಿಬಿಟ್ಟ, ಒಂದೇ ರಾತ್ರೀಲಿ ಸಮುದ್ರ ನುಗ್ಗಿ ಎಲ್ಲ ಮುಳುಗ್ತು ಅಂತ. ಬೊಡ್ಡೆಗಳು ಆಗಾಗ ಕಾಣಿಸ್ತಿದ್ದಕ್ಕೇ ಆ ಕಥೆ ಹುಟ್ಟಿರಬಹುದು ಅಂತಾರೆ, ನನಗೂ ಅದು ಸರಿ ಅನ್ಸತ್ತೆ. ಅದೇ ಬೀಚಿನ ಕಪ್ಪು ಮಣ್ಣಿನ ಪದರದಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಹೆಜ್ಜೆ ಗುರುತು ಸಿಕ್ಕಿದೆ, ಜೌಗು ದಾಟಕ್ಕೆ ಅಂತ ಗೂಟ ನೆಟ್ಟು ಕೊಂಬೆ ಹೆಣೆದು ಮಾಡಿದ ಕಾಲುದಾರಿ ಸಿಕ್ಕಿದೆ. ಯಾವುದೋ ಕಾಲದಲ್ಲಿ ಯಾರೋ ಕೆಸರಲ್ಲಿ ಕಾಲು ಹೂತುಕೊಳ್ಳಬಾರದು ಅಂತ ಮಾಡಿಕೊಂಡ ದಾರಿ, ಸಾವಿರಾರು ವರ್ಷ ಆದ್ಮೇಲೂ ಹೆಣಿಗೆ ಬಿಚ್ಚದೆ ಇದೆ!

ಇದು ಹೆಂಗೆ ಉಳೀತು ಅನ್ನೋದು ಮುಖ್ಯ. ಸುಮಾರು 20,000 ವರ್ಷದ ಹಿಂದೆ ಹಿಮಯುಗ ಜೋರಿದ್ದಾಗ ಸಮುದ್ರದ ಮಟ್ಟ ಈಗಿನಕ್ಕಿಂತ ಹತ್ತಿರ ಹತ್ತಿರ 120 ಮೀಟರ್ ಕೆಳಗಿತ್ತು, ಈಗ ಸಮುದ್ರ ಇರೋ ಎಷ್ಟೋ ಜಾಗ ಒಣ ನೆಲ. ಹಿಮ ಕರಗ್ತಾ ಬಂದಂಗೆ ನೀರು ಏರ್ತು. ಸಮುದ್ರ ಬಂದು ಬಡಿಯೋ ಮುಂಚೆನೇ ನೆಲದೊಳಗಿನ ನೀರು ಮೇಲೆ ಬರತ್ತೆ, ತಗ್ಗಲ್ಲೆಲ್ಲ ಜೌಗು ಹಿಡಿಯತ್ತೆ, ಮರದ ಬೇರಿಗೆ ಗಾಳಿ ಸಿಗದೆ ಮರ ನಿಂತಲ್ಲೇ ಸಾಯತ್ತೆ. ಸತ್ತ ಎಲೆ, ಕಡ್ಡಿ, ಪಾಚಿ ಕೊಳೆಯಕ್ಕೂ ಗಾಳಿ ಬೇಕಲ್ಲ, ಅದಿಲ್ಲದೆ ಅರ್ಧಂಬರ್ಧ ಕೊಳೆತು ಪದರ ಪದರವಾಗಿ ಕೂರತ್ತೆ, ಇದನ್ನೇ ಪೀಟ್ ಅನ್ನೋದು. ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ ಬೆಳೆಯತ್ತೆ, ಅಂದ್ರೆ ಒಂದು ಮೀಟರ್ ದಪ್ಪಕ್ಕೆ ಸಾವಿರ ವರ್ಷ. ನಮ್ಮ ಕಡೆ ಅಪ್ಪೆಮಿಡಿ ಭರಣಿಲಿ ಮಿಡಿ ವರ್ಷಗಟ್ಟಲೆ ಕೆಡದೆ ಇರೋದು ಉಪ್ಪಿನ ಜೊತೆಗೆ, ಮೇಲೆ ಉಪ್ಪುನೀರು ನಿಂತು ಗಾಳಿ ಆಡದೇ ಇರೋದಕ್ಕೂ ತಾನೆ, ಪೀಟ್ ಕೆಲಸನೂ ಅದೇ. ಅದರ ಮೇಲೆ ಸಮುದ್ರದ ಜೇಡಿ ಕೂತು, ಆಮೇಲೆ ಮರಳು ಕೂತು ಬಾಯಿ ಕಟ್ಟಿದಂಗಾಗತ್ತೆ.

ಆ ಪದರದಲ್ಲಿ ಏನೇನು ಇರತ್ತೆ ಅಂದ್ರೆ ಹೂವಿನ ಪರಾಗ, ಬೀಜ, ಜೀರುಂಡೆಯ ರೆಕ್ಕೆ, ಬೆಂಕಿ ಬಿದ್ದಿದ್ರೆ ಇದ್ದಿಲಿನ ಚೂರು. ಯಾವ ಕಾಲದಲ್ಲಿ ಯಾವ ಮರ ಇತ್ತು, ಮಳೆ ಜಾಸ್ತಿ ಇತ್ತಾ ಕಮ್ಮಿ ಇತ್ತಾ, ಮನುಷ್ಯ ಯಾವಾಗ ಬಂದು ಕಾಡು ಸುಟ್ಟ ಅಂತ ಇದನ್ನ ನೋಡಿ ಹೇಳ್ತಾರೆ. ಇಂಗ್ಲೆಂಡಿನ ನಾರ್ಫೋಕ್ ತೀರದಲ್ಲಿ 1998ರಲ್ಲಿ ಅಲೆಗಳು ಪೀಟ್ ಕೊರೆದು ಹಾಕಿದಾಗ 55 ಓಕ್ ಕಂಬಗಳ ಒಂದು ವೃತ್ತ, ನಡುವೆ ಬೇರು ಮೇಲಾಗಿ ತಲೆಕೆಳಗೆ ಹೂತ ಒಂದು ದೊಡ್ಡ ಬೊಡ್ಡೆ ಕಾಣಿಸ್ತು, ಸೀಹೆಂಜ್ ಅಂತ ಕರೀತಾರೆ. ಮರದ ಉಂಗುರ ಎಣಿಸಿ ಲೆಕ್ಕ ಹಾಕಿದ್ರೆ ಆ ಮರಗಳನ್ನ ಕಡಿದಿದ್ದು ಕ್ರಿ.ಪೂ. 2049ನೇ ಇಸವಿ ಅಂತ ಬಂತು. ನಾಲ್ಕು ಸಾವಿರ ವರ್ಷದ ಹಿಂದಿನ ಒಂದು ಕೊಡಲಿ ಏಟಿಗೆ ಇಸವಿ ಹೇಳೋ ಹಂಗಾಗಿದೆ ಅಂದ್ರೆ ನನಗೆ ಮೈ ಜುಂ ಅನ್ನತ್ತೆ. ಉತ್ತರ ಸಮುದ್ರದಲ್ಲಿ 1931ರಲ್ಲಿ ಕೊಲಿಂಡಾ ಅನ್ನೋ ಮೀನು ಬೋಟಿನ ಬಲೆಗೆ ಒಂದು ಪೀಟ್ ಮುದ್ದೆ ಸಿಕ್ತು, ಒಡೆದ್ರೆ ಒಳಗೆ ಜಿಂಕೆ ಕೊಂಬಿನಲ್ಲಿ ಮಾಡಿದ ಮುಳ್ಳಿನ ಈಟಿ ಮೊನೆ. ಬ್ರಿಟನ್ ಮತ್ತು ಯುರೋಪಿನ ನಡುವೆ ಒಂದು ಕಾಲದಲ್ಲಿ ಜನ ಓಡಾಡಿದ ನೆಲ ಇತ್ತು ಅನ್ನೋದಕ್ಕೆ ಅದು ದೊಡ್ಡ ಸಾಕ್ಷಿ ಆಯ್ತು, ಡಾಗರ್‌ಲ್ಯಾಂಡ್ ಅಂತ ಈಗ ಹೇಳ್ತಾರೆ. ಆ ಬಲೆ ಎಳೆದವರು ಥೂ ಮಣ್ಣು ಅಂತ ಮುದ್ದೆನ ವಾಪಸ್ ನೀರಿಗೆ ಎಸೆದಿದ್ರೆ ಅಲ್ಲಿಗೆ ಮುಗೀತಿತ್ತು.

ಈ ತರ ಕಾಡು ಕಾಣಿಸೋದು ಹೊಸತೂ ಅಲ್ಲ. 1171-72ರ ಚಳಿಗಾಲದಲ್ಲಿ ವೇಲ್ಸಿನ ನ್ಯೂಗೇಲ್ ಅನ್ನೋ ಕಡೆ ಬಿರುಗಾಳಿ ಬಂದು ಮರಳು ಹೋಗಿ, ಸಮುದ್ರದೊಳಗೆ ಕರಿಮರದ ಬಣ್ಣದ ಬೊಡ್ಡೆಗಳು ಎದ್ವು, ಅವುಗಳ ಮೇಲೆ ನಿನ್ನೆ ಮೊನ್ನೆ ಹೊಡೆದಂಗೆ ಕೊಡಲಿ ಗುರುತು ಇತ್ತು ಅಂತ ಜೆರಾಲ್ಡ್ ಅನ್ನೋ ಒಬ್ಬ ಪಾದ್ರಿ ಬರೆದಿಟ್ಟಿದ್ದಾನೆ. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಒಬ್ಬರು ನೋಡಿ ಬರೆದ್ರು, ಅದಕ್ಕೆ ಇವತ್ತು ನಾವು ಓದ್ತಿದ್ದೀವಿ.

ಆದ್ರೆ ಹೊರಗೆ ಬಿದ್ದ ಗಳಿಗೆಯಿಂದಲೇ ಅದು ಹಾಳಾಗಕ್ಕೆ ಶುರು. ಸಾವಿರಾರು ವರ್ಷ ನೀರಲ್ಲಿದ್ದ ಮರದ ಒಳಗಿನ ಗಟ್ಟಿ ಅಂಶ ಹೋಗಿ ಆ ಜಾಗದಲ್ಲಿ ನೀರೇ ತುಂಬಿರತ್ತೆ, ಬಿಸಿಲಿಗೆ ಒಣಗಿದ್ರೆ ಸುಕ್ಕಿ ಸೀಳು ಬಿಡತ್ತೆ. ಪೀಟ್ ಒಳಗೆ ಚಿಪ್ಪಿನ ಜೀವಿಗಳು ತೂತು ಕೊರೀತಾವೆ, ಮುಂದಿನ ಬಿರುಗಾಳಿಗೆ ತುಂಡು ತುಂಡಾಗಿ ಕಿತ್ಕೊಂಡು ಹೋಗತ್ತೆ, ಅದೃಷ್ಟ ಇದ್ರೆ ಮತ್ತೆ ಮರಳು ಮುಚ್ಚತ್ತೆ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರೆಡ್‌ಕಾರ್ ಬೀಚಲ್ಲಿ 7,000 ವರ್ಷದ ಕಾಡು ಹಿಂಗೇ ಎದ್ದು ಕಾಣಿಸಿ ಜನ ಓಡೋಡಿ ಹೋಗಿ ನೋಡಿದ್ರು. ಹಂಗಾಗಿ ಅಲ್ಲಿ ವಿಜ್ಞಾನಿಗಳನ್ನೇ ಕಾಯ್ತಾ ಕೂರಲ್ಲ. ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ನೀರು ಇಳಿದ ಹೊತ್ತಲ್ಲಿ ಹೋಗಿ ಫೋಟೋ ತೆಗೆದು, ಅಳತೆ ಹಿಡಿದು, ಜಾಗ ಗುರುತು ಹಾಕಿ ಕಳಿಸೋ ವ್ಯವಸ್ಥೆ ಮಾಡಿಕೊಂಡಿದ್ದಾರೆ. ನಾಯಿ ವಾಕಿಂಗ್ ಕರ್ಕೊಂಡು ಹೋಗೋರು, ರಿಟೈರ್ಡ್ ಮೇಷ್ಟ್ರು, ಶಾಲೆ ಮಕ್ಕಳು, ಯಾರು ಬೇಕಾದ್ರೂ ಈ ಕೆಲಸಕ್ಕೆ ಸೇರಬಹುದು.

ಇದೆಲ್ಲ ವಿದೇಶದ ಕಥೆ ಅಂತ ಪುಟ ಮಗುಚಬೇಡಿ. ಮುಂಬೈನಲ್ಲಿ ಪ್ರಿನ್ಸಸ್ ಡಾಕ್ ಅಂತ ಇದೆ, 1880ರಲ್ಲಿ ಶುರುವಾಗಿದ್ದು. ಅದನ್ನ ಕಟ್ಟಕ್ಕೆ ಅಗೀವಾಗ ಸಮುದ್ರದ ಕೆಸರಿನ ಕೆಳಗೆ ಮುನ್ನೂರಕ್ಕೂ ಹೆಚ್ಚು ಮರ ಸಿಕ್ಕಿದ್ವು, ಬಹುಪಾಲು ಖೈರ್, ಅಂದ್ರೆ ನಮ್ಮ ಕಾಚಿನ ಮರ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೆಟ್ಟಗೆ ನಿಂತೇ ಇದ್ವು. ಕೇರಳದ ಕರಾವಳಿ ತಗ್ಗಲ್ಲಿ, ಹೊಳೆ ಬಯಲಲ್ಲಿ ಮಣ್ಣು ತೆಗೀವಾಗ ಸಾವಿರಾರು ವರ್ಷ ಹಳೇ ದಿಮ್ಮಿಗಳು ಸಿಕ್ಕಿವೆ, ಕಾರ್ಬನ್ ಡೇಟಿಂಗ್ ಮಾಡಿಸಿ ವಯಸ್ಸು ತಿಳ್ಕೊಂಡು ಆಗಿನ ಮಳೆಗಾಲ ಹೆಂಗಿತ್ತು ಅಂತ ಅಭ್ಯಾಸ ಮಾಡಿದ್ದಾರೆ. ಕಾರವಾರದ ಎದುರು ಸಮುದ್ರದ ತಳದ ಕೆಸರು ಕೊರೆದು ತೆಗೆದು ಪರಾಗ ನೋಡಿದವರು ಸುಮಾರು 3,500 ವರ್ಷದ ಹಿಂದಿನಿಂದ ಈ ಸೀಮೆ ಒಣಗ್ತಾ ಬಂತು ಅಂತ ಹೇಳಿದ್ದಾರೆ. ಆ ಪರಾಗ ಎಲ್ಲಿದು? ನಮ್ಮ ಘಟ್ಟದ ಕಾಡಿಂದು, ಹೊಳೇಲಿ ಹರಿದು ಹೋಗಿ ಸಮುದ್ರ ಸೇರಿದ್ದು. ನೀಲಗಿರಿಯ ಬೆಟ್ಟದ ತಗ್ಗುಗಳಲ್ಲಿರೋ ಪೀಟ್ ತೆಗೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು 20,000 ವರ್ಷದ ಹವಾಮಾನದ ದಾಖಲೆ ಓದಿ 1993ರಲ್ಲಿ ಪ್ರಕಟಿಸಿದ್ದಾರೆ, ಯಾವಾಗ ಹುಲ್ಲು ಹಬ್ಬಿತ್ತು, ಯಾವಾಗ ಕಾಡು ಹಬ್ಬಿತ್ತು ಅಂತ. ನಮ್ಮ ಮಲೆನಾಡಿನ ಬಗ್ಗೆ ಇಷ್ಟು ಕೆಲಸ ಆಗಬಾರದಾ?

ಈಗ ನಮ್ಮ ಹಿನ್ನೀರಿಗೆ ಬರ್ತೀನಿ. ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರತ್ತೆ, ಉದ್ದ 128 ಕಿಲೋಮೀಟರ್. ಮೊದಲು 1948ರಲ್ಲಿ ಮಡೆನೂರು ಹತ್ತಿರ ಹಿರೇಭಾಸ್ಕರ ಡ್ಯಾಮ್ ಆಯ್ತು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಆಗಿ ಆ ಹಳೇ ಡ್ಯಾಮನ್ನೇ ನುಂಗಿಹಾಕ್ತು. ಜೊತೆಗೆ ಊರು, ಗದ್ದೆ, ತೋಟ, ದೇವಸ್ಥಾನ, ಕಾಡು ಎಲ್ಲ ಹೋಯ್ತು. ಮುಳುಗಡೆ ಜನರ ಕಷ್ಟದ ಬಗ್ಗೆ ನಿಮ್ಮ ಪತ್ರಿಕೇಲಿ ಎಷ್ಟೋ ಸಲ ಬಂದಿದೆ, ಇನ್ನೂ ಹಕ್ಕುಪತ್ರ ಸಿಗದೆ ಅಲೀತಿರೋರು ಇದ್ದಾರೆ, ಅದು ಬಗೆಹರಿಯದೆ ಬೇರೆ ಏನು ಮಾತಾಡಿದ್ರೂ ಕಮ್ಮಿನೇ. ಆದ್ರೆ ಮುಳುಗಿದ ಕಾಡಿನ ಬಗ್ಗೆ ಯಾರೂ ಲೆಕ್ಕ ಇಟ್ಟಂಗಿಲ್ಲ.

ಮಳೆ ಕೈಕೊಟ್ಟ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಬಾಗಿಲು ಕಡೆಗೋ ಹೊನ್ನೆಮರಡು ಕಡೆಗೋ ಬಂದು ನೋಡಿ. ನೀರು ಇಳಿದ ಕೆಂಪು ದಡದ ಮೇಲೆ ಬೊಡ್ಡೆಗಳೋ ಬೊಡ್ಡೆಗಳು. ಮುಳುಗೋ ಮುಂಚೆ ಕಡಿದ ಮರಗಳವು ಕೆಲವು, ನಿಂತಲ್ಲೇ ನೀರಲ್ಲಿ ಸತ್ತಿದ್ದು ಕೆಲವು. ಅರವತ್ತು ವರ್ಷದಿಂದ ಅಲೆ ಬಡಿದು ಬಡಿದು ಬುಡದ ಮಣ್ಣು ಹೋಗಿ, ಬೇರು ಮೊಣಕಾಲೆತ್ತರಕ್ಕೆ ಗಾಳೀಲಿ ನಿಂತಿವೆ, ಅಡಿಯಿಂದ ನಾಯಿಮರಿ ನುಸುಳೋ ಅಷ್ಟು ಜಾಗ ಇರತ್ತೆ. ಒಂದು ವಿಷಯ ಗಮನಿಸಬೇಕು, ಮೇಲಿನ ದಡದಲ್ಲಿರೋ ಬೊಡ್ಡೆಗಳು ಪ್ರತಿ ವರ್ಷ ನೆನೆದು ಒಣಗಿ, ನೆನೆದು ಒಣಗಿ ಪುಡಿ ಪುಡಿ ಆಗಿವೆ, ಕೈಯಲ್ಲಿ ಉಜ್ಜಿದ್ರೆ ಉದುರತ್ತೆ. ಕೆಳಗೆ ಹೋದಂಗೆ, ಬರಗಾಲದಲ್ಲಿ ಮಾತ್ರ ಹೊರಗೆ ಬೀಳೋ ಜಾಗದಲ್ಲಿ, ಗಟ್ಟಿ ಇವೆ. ಅಂಥ ಒಂದು ಬೊಡ್ಡೆ ಹತ್ರ ನಮ್ಮ ಕಡೆಯ ಹಿರಿಯರೊಬ್ಬರು ಕತ್ತಿ ತುದೀಲಿ ಒಂದು ಚಕ್ಕೆ ಎಬ್ಬಿಸಿದ್ರು, ಹೊರಗೆಲ್ಲ ಕಪ್ಪು, ಒಳಗೆ ಇನ್ನೂ ಕೆಂಪು ಮಿಶ್ರಿತ ಕಂದು, ಎಳೆ ಸ್ಪಷ್ಟ. ಮೂಸಿ ನೋಡಿ, ಹೆಬ್ಬೆರಳಲ್ಲಿ ತಿಕ್ಕಿ ನೋಡಿ ಇದು ನಂದಿ ಅಂದ್ರು, ಪಕ್ಕದ್ದು ಮತ್ತಿ, ಆಚೆದು ಹೊನ್ನೆ. ಆಮೇಲೆ ದಿಣ್ಣೆ ತೋರಿಸಿ ಇಲ್ಲಿ ಇಂಥವರ ಕಣ ಇತ್ತು, ಆ ಕಡೆ ಹಡ್ಡಲು ಗದ್ದೆ, ಆ ಸಾಲಲ್ಲಿ ಗಾಡಿ ದಾರಿ ಅಂತ ಹೇಳ್ತಾ ಹೋದ್ರು. ವೇಲ್ಸಿನ ಬೊಡ್ಡೆಗಳನ್ನ ಬದುಕಿದ್ದಾಗ ನೋಡಿದವರು ಯಾರೂ ಇಲ್ಲ. ನಮ್ಮ ಮುಳುಗಿದ ಕಾಡಿನ ನೆರಳಲ್ಲಿ ದನ ಕಾಯ್ದವರು ಇನ್ನೂ ನಮ್ಮ ಜೊತೆ ಇದ್ದಾರೆ, ಆಗ ಇಪ್ಪತ್ತು ವರ್ಷ ಇದ್ದವರಿಗೆ ಈಗ ಎಂಬತ್ತು ದಾಟಿದೆ. ಇನ್ನು ಹತ್ತು ಹದಿನೈದು ವರ್ಷ ಬಿಟ್ಟು ಯಾವುದಾದ್ರೂ ಇಲಾಖೆ ಸರ್ವೆ ಮಾಡ್ತೀವಿ ಅಂತ ಬಂದ್ರೆ ಬೊಡ್ಡೆ ಇರಬಹುದು, ಅದರ ಹೆಸರು ಹೇಳೋರು ಇರಲ್ಲ.

ಆದ್ರೆ ನಾವು ಮಾಡ್ತಿರೋದೇನು? ನೀರು ಇಳಿದು ಹಿರೇಭಾಸ್ಕರ ಡ್ಯಾಮ್ ಎದ್ದು ಕಂಡಾಗ ಜೀಪು, ಬೈಕು ತಗೊಂಡು ಹೋಗಿ ಹಿನ್ನೀರಿನ ಒಣ ತಳದಲ್ಲಿ ಓಡಿಸೋದು, ರೀಲ್ಸ್ ಮಾಡೋದು, ಬಾಟಲಿ ಬಿಸಾಕಿ ಬರೋದು, ಸಂಜೆ ಆದ್ರೆ ಅದೇ ಬೊಡ್ಡೆಗೆ ಬೆಂಕಿ ಹಾಕಿ ಸುತ್ತ ಕೂರೋದು. 2025ರಲ್ಲಿ ಸಿಗಂದೂರು ಸೇತುವೆ ಆದ್ಮೇಲೆ ಜನ ಬರೋದು ಇನ್ನೂ ಸುಲಭ ಆಗಿದೆ, ಸೇತುವೆ ನಮಗೆ ದಶಕಗಳಿಂದ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬರೋರು ಬರ್ಲಿ, ನೋಡ್ಲಿ. ಬೆಂಕಿ ಹಾಕೋದು ಬೇಡ ಅಷ್ಟೆ.

ಕೆರೆ ವಿಷಯ ಇದಕ್ಕಿಂತ ಬೇಜಾರು. ಮಲೆನಾಡಿನ ಎಷ್ಟೋ ಕೆರೆಗಳು ಕೆಳದಿ ಅರಸರ ಕಾಲದವು, ಕೆಲವು ಅದಕ್ಕೂ ಹಿಂದಿನವು. ಬೇಸಿಗೇಲಿ ಹೂಳೆತ್ತೋದು, ಆ ಗೋಡನ್ನ ಅಡಿಕೆ ತೋಟಕ್ಕೆ ಹೊಡೆಸೋದು ಹಿಂದಿನಿಂದ ಬಂದಿದ್ದು, ಒಳ್ಳೆಯದೇ. ಮುಂಚೆ ಗುದ್ದಲಿ, ಬುಟ್ಟೀಲಿ ಎತ್ತೋವಾಗ ಏನು ಸಿಕ್ತು ಅಂತ ಎತ್ತೋರ ಕಣ್ಣಿಗೆ ಬೀಳ್ತಿತ್ತು. ಈಗ ಹಿಟಾಚಿ ಬರತ್ತೆ, ಟಿಪ್ಪರ್ ಸಾಲು ನಿಲ್ಲತ್ತೆ, ಟ್ರಿಪ್ಪಿಗೆ ಇಷ್ಟು ಅಂತ ರೇಟು, ನಿಂತು ನೋಡಕ್ಕೆ ಯಾರಿಗೂ ಪುರುಸೊತ್ತಿಲ್ಲ. ನಮ್ಮ ಹತ್ತಿರದ ಒಂದು ಕೆರೇಲಿ ಹಿಂಗೇ ಕೆಲಸ ನಡೀತಿದ್ದಾಗ ಒಂದಾಳು ಆಳಕ್ಕೆ ಹೋದ್ಮೇಲೆ ಮಣ್ಣಿನ ಬಣ್ಣ ಬದಲಾಯ್ತು, ಮೇಲಿನ ಬೂದು ಗೋಡು ಮುಗಿದು ಕಪ್ಪು, ಜಿಗುಟು, ಕೊಳೆತ ಮೊಟ್ಟೆ ವಾಸನೆ. ಒಂದು ಹೆಂಟೆ ಒಡೆದು ನೋಡಿದ್ರೆ ಒಳಗೆ ಎಲೆ. ಎಲೆ ಅಂದ್ರೆ ಪೂರ್ತಿ ಎಲೆ, ನರ ಸಮೇತ, ಒದ್ದೆ ಕಂದು ಬಣ್ಣ, ಅಂಗೈ ಮೇಲೆ ಇಟ್ಕೊಂಡು ನೋಡ್ತಾ ಇದ್ದಂಗೇ ಗಾಳಿ ತಾಗಿ ಕಪ್ಪಾಗಿ ಹೋಯ್ತು. ಅದರ ಕೆಳಗಿಂದ ತೊಡೆ ದಪ್ಪದ ಒಂದು ದಿಮ್ಮಿ ಬಂತು, ಬಕೆಟ್ಟಿನ ಹಲ್ಲು ತಾಗಿ ಎರಡು ತುಂಡು. ಕೆಲಸ ಮಾಡಿಸ್ತಿದ್ದವರಿಗೆ ಒಂದೆರಡು ಗಂಟೆ ನಿಲ್ಲಿಸಿ, ಯಾರನ್ನಾದ್ರೂ ಕರೆಸೋಣ ಅಂತ ಕೇಳಿದ್ದಕ್ಕೆ ಹಿಟಾಚಿ ಬಾಡಿಗೆ ಗಂಟೆ ಲೆಕ್ಕ ಅಂದ್ರು. ಅವರ ಕಷ್ಟ ಅವರಿಗೆ, ಬಿಲ್ ಆಗಬೇಕು, ಮಳೆ ಬರೋ ಮುಂಚೆ ಮುಗಿಸಬೇಕು. ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದ್ರೆ ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಬೇರೆ ಇಲಾಖೆಗೆ ಕೇಳಿ ಅಂದ್ರು, ಆ ಬೇರೆ ಇಲಾಖೆಯವರು ವಿಗ್ರಹ, ಶಾಸನ ಸಿಕ್ಕಿದ್ರೆ ಹೇಳಿ ಅಂದ್ರು. ಸಂಜೆಯೊಳಗೆ ದಿಮ್ಮಿ ಯಾರದ್ದೋ ಬಚ್ಚಲ ಒಲೆಗೆ ಹೋಯ್ತು. ಅದು ಇನ್ನೂರು ವರ್ಷದ್ದೋ ಎರಡು ಸಾವಿರ ವರ್ಷದ್ದೋ ಇನ್ನು ಯಾರೂ ಹೇಳಕ್ಕಾಗಲ್ಲ. ನನಗೆ ಆ ರಾತ್ರಿ ಊಟ ಸೇರಲಿಲ್ಲ ಅಂದ್ರೆ ಮನೇಲಿ ನಗ್ತಾರೆ, ಆದ್ರೆ ನಿಜ.

ಕೆರೆ ಹೂಳು ತೆಗೀಬೇಡಿ ಅಂತ ನಾನು ಹೇಳ್ತಿಲ್ಲ, ನೀರು ಬೇಕು, ತೋಟಕ್ಕೆ ಗೋಡು ಬೇಕು, ಎಲ್ಲ ಸರಿ. ಆದ್ರೆ ಮೇಲಿನ ಹೂಳು ಬೇರೆ, ಅದರಡಿ ಕೆರೆ ಕಟ್ಟೋ ಮುಂಚಿನ ಜೌಗಿನ ಕಪ್ಪು ಪದರ ಬೇರೆ. ಕೆರೆ ಕಟ್ಟಿದವರು ಆರಿಸಿಕೊಂಡಿದ್ದೇ ಮೊದಲಿಂದ ನೀರು ನಿಲ್ತಿದ್ದ ತಗ್ಗನ್ನ, ಹಂಗಾಗಿ ಅಡೀಲಿ ಹಳೇ ಜೌಗು ಇರೋದು ಸಹಜ. ಗೋಡು ಮುಗಿದು ಕಪ್ಪು ಪದರ ಬಂದ ಕಡೆ ಒಂದೇ ಒಂದು ಮೂಲೇಲಿ ಎರಡು ಅಡಿ ಅಗಲದಷ್ಟು ಮಣ್ಣು ಮುಟ್ಟದೆ ಬಿಟ್ರೂ ಸಾಕು, ಯಾರಾದ್ರೂ ತಿಳಿದವರು ಆಮೇಲೆ ಬಂದು ಒಂದು ಪೈಪ್ ಇಳಿಸಿ ಮಾದರಿ ತೆಗೀಬಹುದು. ಅಡಿಕೆ ಮರಕ್ಕೆ ಆ ಎರಡು ಅಡಿ ಮಣ್ಣಿನಿಂದ ಏನೂ ನಷ್ಟ ಇಲ್ಲ.

ಮೂರನೇದು ಜಡ್ಡಿಗಳು. ಜೋಗದಿಂದ ಹೊನ್ನಾವರ ಕಡೆ ಘಟ್ಟ ಇಳಿಯೋ ದಾರೀಲಿ ಕತ್ತಲೆಕಾನು ಇದೆ, ಅಲ್ಲಿ ರಾಮಪತ್ರೆ ಜಾತಿ ಮರಗಳ ಜಡ್ಡಿ ಇದೆ. ವರ್ಷವಿಡೀ ನೀರು ಜಿನುಗೋ ನೆಲ, ಕೆಸರಿಂದ ಬೇರು ಮಂಡಿ ಮಡಚಿದಂಗೆ ಮೇಲೆ ಎದ್ದು ಉಸಿರಾಡ್ತಾವೆ. 2000ನೇ ಇಸವೀಲಿ ವಿಜ್ಞಾನಕ್ಕೆ ಹೊಸದಾಗಿ ಸೇರಿದ ಒಂದು ಮರದ ಜಾತಿಗೆ ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ, ಗೇರು ಜಾತಿಯ ಬಂಧು. ಅಲ್ಲಿನ ಕಪ್ಪು ಕೆಸರನ್ನ ನೀಲಗಿರಿಯ ತರದ ದಪ್ಪ ಪೀಟ್ ಅಂತ ಹೇಳಕ್ಕೆ ಬರಲ್ಲ, ಆದ್ರೆ ಗಾಳಿಯಾಡದ ಒದ್ದೆ ನೆಲ, ಅರ್ಧ ಕೊಳೆತ ಎಲೆ, ಕೆಲಸ ಒಂದೇ. ವೇಲ್ಸಿನಲ್ಲಿ ಸತ್ತು ಹೂತಿರೋ ಜೌಗು ಕಾಡು ಒಂದು ಕಾಲದಲ್ಲಿ ಹೆಂಗಿತ್ತು ಅಂತ ತಿಳ್ಕೊಬೇಕು ಅಂದ್ರೆ ಜೀವಂತ ಜೌಗು ಕಾಡೊಂದರ ಒಳಗೆ ನಿಂತು ನೋಡಬೇಕು, ಅದು ನಮ್ಮಲ್ಲಿ ಇನ್ನೂ ಇದೆ. ಇಂಥ ಸಣ್ಣ ಸಣ್ಣ ಜಡ್ಡಿಗಳು ಸಾಗರ, ಹೊಸನಗರ, ಸಿದ್ದಾಪುರದ ಕಾಡಂಚಲ್ಲಿ ಎಷ್ಟಿದ್ವೋ, ಅದರಲ್ಲಿ ಎಷ್ಟಕ್ಕೆ ಕಾದಿಗೆ ತೆಗೆದು ನೀರು ಬಸಿದು ಅಡಿಕೆ ಸಸಿ ಇಟ್ಟಾಯ್ತೋ. ಒಂದ್ಸಲ ನೀರು ಬಸಿದು ಗಾಳಿ ಒಳಗೆ ಹೋಯ್ತು ಅಂದ್ರೆ ಸಾವಿರ ವರ್ಷ ಕೊಳೆಯದೆ ಕೂತಿದ್ದು ಕೆಲವೇ ದಶಕಗಳಲ್ಲಿ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರತ್ತೆ. ಪ್ರಪಂಚದ ನೆಲದಲ್ಲಿ ಪೀಟ್ ಇರೋದು ಶೇಕಡ 3ರಷ್ಟು ಜಾಗದಲ್ಲಿ ಮಾತ್ರ, ಆದ್ರೆ ಎಲ್ಲ ಕಾಡುಗಳ ಮರಗಿಡದಲ್ಲಿ ಇರೋದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿದೆ ಅಂತ ಲೆಕ್ಕ. ಅಡಿಕೆಗೆ ರೇಟು ಬಂದಾಗ ಯಾರಿಗೂ ಬುದ್ಧಿ ಹೇಳಕ್ಕಾಗಲ್ಲ, ಅದು ನನಗೂ ಗೊತ್ತು, ನಮ್ಮ ಮನೆ ನಡೀತಿರೋದೂ ಅಡಿಕೆಯಿಂದಲೇ. ಆದ್ರೂ ಕಾಡಂಚಿನ ಜಡ್ಡಿ ಬಿಟ್ಟುಬಿಡೋಣ ಅನ್ನೋದು ಬೆಳೆಗಾರರಾದ ನಾವೇ ಹೇಳ್ಬೇಕಾದ ಮಾತು.

ಕರಾವಳಿಗೆ ವಾಪಸ್ ಬರ್ತೀನಿ, ಯಾಕಂದ್ರೆ ಕಡಲ್ಕೊರೆತ ಅವರ ಸಮಸ್ಯೆ ಮಾತ್ರ ಅಂತ ಘಟ್ಟದ ಮೇಲಿನವರು ಅಂದ್ಕೊಂಡಿದ್ದೀವಿ. ಬೀಚಿಗೆ ಮರಳು ಬರೋದು ಹೊಳೆಯಿಂದ. ಶರಾವತಿ ಮಳೆಗಾಲದಲ್ಲಿ ಹೊತ್ಕೊಂಡು ಹೋಗ್ತಿದ್ದ ಮರಳು 1964ರಿಂದ ಲಿಂಗನಮಕ್ಕೀಲಿ ಕೂರ್ತಿದೆ, ಉಳಿದಿದ್ದು ಗೇರುಸೊಪ್ಪೆ ಡ್ಯಾಮಲ್ಲಿ, ಅದೂ ದಾಟಿದ್ದನ್ನ ಮರಳು ಲಾರಿಗಳು ತುಂಬ್ಕೊಂಡು ಹೋಗ್ತಾವೆ. ಸಮುದ್ರ ಮಾತ್ರ ಪ್ರತಿ ಮಳೆಗಾಲ ತನ್ನ ಪಾಲು ತಗೋತಾನೇ ಇರತ್ತೆ, ಕೊಡೋರು ಇಲ್ಲ. ಸಮುದ್ರ ಮಟ್ಟ ಏರ್ತಿರೋದು, ಬ್ರೇಕ್‌ವಾಟರ್ ಅಂದ್ರೆ ಅಲೆ ತಡೆಯೋ ಗೋಡೆ ಕಟ್ಟಿದ ಕಡೆ ಮರಳಿನ ಓಡಾಟ ತಪ್ಪೋದು, ಇವೂ ಕಾರಣಗಳೇ, ಎಲ್ಲದಕ್ಕೂ ಡ್ಯಾಮೇ ಹೊಣೆ ಅಂತ ನಾನು ಹೇಳಲ್ಲ. ಆದ್ರೆ ಇಲ್ಲಿ ಕಟ್ಟಿದ್ದಕ್ಕೂ ಅಲ್ಲಿ ಕುಸಿದಿದ್ದಕ್ಕೂ ನಂಟಿದೆ. ಮತ್ತೆ ಕರಾವಳಿಯವರಿಗೆ ಒಂದು ಮಾತು, ಮುಂದಿನ ಮಳೆಗಾಲದಲ್ಲಿ ಮರಳು ಹೋಗಿ ಅಡೀಲಿ ಕಪ್ಪು ಪದರ, ಬೇರು, ಬೊಡ್ಡೆ ಏನಾದ್ರೂ ಕಂಡ್ರೆ ಅದರ ಮೇಲೆ ಬಂಡೆ ಸುರಿಯೋ ಮುಂಚೆ ನಾಲ್ಕು ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲೋ ಚಪ್ಪಲಿಯೋ ಇಟ್ಟು ತೆಗೀರಿ, ಅಳತೆ ಗೊತ್ತಾಗತ್ತೆ. ಮುಂಬೈಲಿ ಸಿಕ್ಕಿದ್ದು, ಕೇರಳದಲ್ಲಿ ಸಿಕ್ಕಿದ್ದು ನಡುವಿನ ನಮ್ಮ 300 ಚಿಲ್ಲರೆ ಕಿಲೋಮೀಟರ್ ಕರಾವಳೀಲಿ ಇರಲ್ಲ ಅಂತ ಯಾಕೆ ಅಂದ್ಕೋಬೇಕು?

ನಮ್ಮ ಜಿಲ್ಲೇಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಪಕ್ಕದ ಶಿರಸೀಲಿ ಅರಣ್ಯ ಕಾಲೇಜಿದೆ. ಹಳೇ ಮರ, ಪರಾಗ ನೋಡಕ್ಕೆ ಲಕ್ನೋದಲ್ಲಿ ಬೀರಬಲ್ ಸಾಹ್ನಿ ಸಂಸ್ಥೆನೇ ಇದೆ. ಇವರಲ್ಲಿ ಯಾರಾದ್ರೂ ಒಂದು ವಾಟ್ಸಾಪ್ ನಂಬರ್ ಕೊಟ್ಟು, ಕೆರೇಲಿ ಹಳೇ ಮರ ಸಿಕ್ಕಿದ್ರೆ ಫೋಟೋ, ಊರಿನ ಹೆಸರು, ಎಷ್ಟು ಆಳ ಅಂತ ಕಳಿಸಿ ಅಂದ್ರೆ ಜನ ಖಂಡಿತ ಕಳಿಸ್ತಾರೆ. ಪಂಚಾಯ್ತಿಯವರು ಹೂಳೆತ್ತೋ ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಬೇಕು, ಹಳೇ ಮರ ಅಥವಾ ಕಪ್ಪು ಪದರ ಸಿಕ್ಕಿದ್ರೆ ಆ ಜಾಗದಲ್ಲಿ ಒಂದು ದಿನ ಕೆಲಸ ನಿಲ್ಲಿಸಬೇಕು, ಆ ದಿನದ ಮಷೀನ್ ಬಾಡಿಗೆ ಗುತ್ತಿಗೆದಾರರ ತಲೆ ಮೇಲೆ ಬರಬಾರದು ಅಂತ. ದಿಮ್ಮಿನ ಒಣಗಿಸದೆ ಒದ್ದೆ ಗೋಣಿಚೀಲದಲ್ಲೋ ಅಥವಾ ಅದೇ ಕೆರೆಯ ಒಂದು ಮೂಲೆ ನೀರಲ್ಲೋ ಮುಳುಗಿಸಿ ಇಟ್ರೆ ನೋಡೋರು ಬರೋ ತನಕ ಕೆಡಲ್ಲ, ಇದಕ್ಕೆ ಖರ್ಚೇ ಇಲ್ಲ. ಹಿನ್ನೀರಿನ ಬೊಡ್ಡೆಗಳ ಪಟ್ಟಿ ಮಾಡೋ ಕೆಲಸ ಹೈಸ್ಕೂಲು, ಕಾಲೇಜು ಮಕ್ಕಳಿಗೆ ಕೊಡಬಹುದು, ಊರಿನ ಒಬ್ಬರು ಅಜ್ಜನ್ನೋ ಅಜ್ಜಿನ್ನೋ ಜೊತೇಲಿ ಕರ್ಕೊಂಡು ಹೋಗಿ ಹೆಸರು ಕೇಳಿ ಬರ್ಕೊಂಡು ಬರಲಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಮಾರ್ಚ್‌ನಿಂದ ಮೇ ತನಕ ವಾರಕ್ಕೊಮ್ಮೆ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಜಾಗ ಬಿಡಿ, ಓದುಗರು ಕಳಿಸಿದ ಇಂಥ ಫೋಟೋ ಮತ್ತು ಊರಿನ ಹೆಸರು ಹಾಕಿ. ನಮ್ಮ ಹತ್ತಿರದ ಆ ಕೆರೆಯ ಇನ್ನರ್ಧ ಹೂಳು ಬರೋ ಬೇಸಿಗೇಲಿ ಎತ್ತಿಸ್ತಾರಂತೆ, ಮೊದಲರ್ಧದಲ್ಲಿ ಕಪ್ಪು ಪದರ ಸಿಕ್ಕ ಕಡೆಗೆ ಅದು ಅಂಟಿಕೊಂಡೇ ಇದೆ. ವಿಶ್ವವಿದ್ಯಾಲಯದವರು ಯಾರಾದ್ರೂ ಬರ್ತೀವಿ ಅಂದ್ರೆ ನನ್ನ ವಿಳಾಸ, ಫೋನ್ ನಂಬರ್ ನಿಮ್ಮ ಕಚೇರೀಲಿದೆ, ದಯವಿಟ್ಟು ಅವರಿಗೆ ಕೊಡಿ. ಊಟ, ಉಳಿಯೋ ವ್ಯವಸ್ಥೆ ನಮ್ಮ ಮನೇಲೇ ಮಾಡ್ತೀನಿ, ಹಿಟಾಚಿ ಬರೋ ಒಂದು ವಾರ ಮುಂಚೆ ಬಂದ್ರೆ ಒಳ್ಳೇದು.

ಇಂತಿ ನಿಮ್ಮ ಓದುಗ,
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ